ಆರಡಿ ಜಯಸಿಂಹರ ಫ್ಯಾದಮ್

ಮೊಮ್ಮಗಳು ಹೋಂವರ್ಕಿಗೆ ತಮ್ಮನ್ನು ಕೇಳುವುದೇ ಇಲ್ಲ ಎಂಬ ಕೊರಗು ಜಯಸಿಂಹರಿಗೆ ಬಹಳ ದಿನದಿಂದ ಇತ್ತು. ಏನೇ ಸಂದೇಹ ಬರಲಿ, ಇಂಚರ ಮೊಬೈಲನ್ನೇ ಕೇಳುತ್ತಿದ್ದಳು. ಆ ಭಾನುವಾರ ಬೆಳಿಗ್ಗೆ ಮೊಬೈಲು ಕೆಟ್ಟು ರಿಪೇರಿಗೆ ಹೋಗಿತ್ತು (ದೇವರು ದೊಡ್ಡವನು!). ಅವಳು ವಿಧಿಯಿಲ್ಲದೆ ತಾತನ ಮುಂದೆ ಚಾರ್ಟ್ ಪೇಪರ್ ಹರಡಿದಳು.

“ಒಂದು ಇಂಗ್ಲಿಷ್ ಅಳತೆ ಪದ ಬೇಕಂತೆ ತಾತ. ಅರ್ಥ, ಹುಟ್ಟು, ಒಂದು ಉದಾಹರಣೆ. ನಾಳೆ ಕೊಡ್ಬೇಕು.”

“ಇಂಚು, ಅಡಿ ಎಲ್ಲಾ ಬಿಟ್ಹಾಕು. ಫ್ಯಾದಮ್ ಬರಿ!” ಎಂದು ಜಯಸಿಂಹರು ಎದ್ದೇ ನಿಂತರು. “ಸಮುದ್ರದ ಆಳ ಅಳೆಯೋ ಪದ ಅದು. ಹಳೇ ಇಂಗ್ಲಿಷಲ್ಲಿ ಹಾಗಂದ್ರೆ ಚಾಚಿದ ಎರಡು ತೋಳು, ಅಪ್ಪುಗೆ. ಈ ಕೈತುದಿಯಿಂದ ಆ ಕೈತುದಿಗೆ ಆರಡಿ. ಆಮೇಲೆ ಆಳಕ್ಕಿಳಿದು ಅರ್ಥ ಮಾಡ್ಕೊಳ್ಳೋದಕ್ಕೂ ಅದೇ ಪದ ಬಂತು. ನಮ್ಮ ಹೂವಿನೋರು ಹೇಳೋ ಮಾರು ಇದೆಯಲ್ಲ, ಅದೇ ಇದು. ಇನ್ನೊಂದು ವಿಷಯ ಬರ್ಕೋ. ಮನುಷ್ಯನ ಮಾರು ಎಷ್ಟೋ, ಅವನ ಎತ್ತರಾನೂ ಹೆಚ್ಚುಕಮ್ಮಿ ಅಷ್ಟೇ.”

ಉದಾಹರಣೆಗೆ ದೂರ ಹೋಗಬೇಕಾಗಲಿಲ್ಲ. ಬನಶಂಕರಿ ಎರಡನೇ ಹಂತದ ಆ ಅಡ್ಡರಸ್ತೆಯಲ್ಲಿ ಅವರು ‘ಆರಡಿ ಜಯಸಿಂಹ’ (ಬಿರುದು ಕೊಟ್ಟವರು ಸ್ವತಃ ಅವರೇ). ಹೆಣ್ಣು ನೋಡಲು ಹೋದಾಗ ಮಾವನವರು ಎತ್ತರ ಕೇಳಿದ್ದಕ್ಕೆ, ಕೂತಲ್ಲಿಂದಲೇ “ಆರಡಿ” ಎಂದಿದ್ದರು. ಅಂದಿನಿಂದ ಒಂದಿಂಚನ್ನೂ ಬಿಟ್ಟುಕೊಟ್ಟವರಲ್ಲ. ಹಾಗಾಗಿ ಇಂಚರ ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದಳು: ‘ನನ್ನ ತಾತನ ಎತ್ತರ ಸರಿಯಾಗಿ ಒಂದು ಫ್ಯಾದಮ್.’ ಜಯಸಿಂಹರ ಎದೆ ಉಬ್ಬಿ, ಬನಿಯನ್ನು ಬಿಗಿಯಾಯಿತು.

ಅಷ್ಟರಲ್ಲಿ ಹೂವಿನ ಸಿದ್ದಗಂಗಮ್ಮ ಗೇಟು ತೆಗೆದಳು. ಹೆಂಡತಿ ಚೂಡಾಮಣಿ ಒಂದು ಮಾರು ಮಲ್ಲಿಗೆ ಕೇಳಿದರು. ಸಿದ್ದಗಂಗಮ್ಮ ಕೈ ಚಾಚುವಷ್ಟರಲ್ಲಿ ಜಯಸಿಂಹರು ಅಡ್ಡ ಬಂದರು.

“ತಡಿಯಮ್ಮ, ನನ್ನ ಕೈಯಲ್ಲಿ ಅಳಿ. ಇವತ್ತು ಪಾಠ ಇದೆ.”

“ಆಯ್ತು ಸಾಮಿ, ನೀವು ಆರಡಿ ಆಸಾಮಿ. ನಂಗೇ ಲಾಸು,” ಎಂದು ಗೊಣಗುತ್ತಾ ಅವಳು ಹೂವಿನ ದಾರವನ್ನು ಅವರ ಬೆರಳ ತುದಿಯಿಂದ ಬೆರಳ ತುದಿಗೆ ಹಿಡಿದು ಕತ್ತರಿಸಿದಳು. ಇಂಚರ ಅದನ್ನು ನೆಲದ ಮೇಲೆ ನೆಟ್ಟಗೆ ಎಳೆದು ಟೇಪು ಇಟ್ಟಳು.

“ತಾತ, ಅರವತ್ತಾರು ಇಂಚು.”

“ಎಪ್ಪತ್ತೆರಡು ಇರ್ಬೇಕು. ಸರಿಯಾಗಿ ನೋಡು.”

“ಮೂರು ಸಲ ನೋಡ್ದೆ ತಾತ. ಐದಡಿ ಆರಿಂಚು.”

ಜಯಸಿಂಹರು ಗಂಟಲು ಸರಿಮಾಡಿಕೊಂಡರು. “ವಯಸ್ಸಾದ್ಮೇಲೆ ಮನುಷ್ಯ ಕುಗ್ತಾನಮ್ಮ. ಬೆನ್ನುಮೂಳೆ ಸವೆಯುತ್ತೆ. ವೈಜ್ಞಾನಿಕ ಸತ್ಯ ಅದು.”

“ಬೆನ್ನು ಸರಿ ಸಾಮಿ,” ಎಂದಳು ಸಿದ್ದಗಂಗಮ್ಮ, ಬುಟ್ಟಿ ಎತ್ತಿಕೊಳ್ಳುತ್ತಾ. “ಕೈಯೂ ಕುಗ್ತದಾ?”

ಅಯ್ಯೋ! ಕಾಲೇಜು ಮೆಟ್ಟಿಲು ಹತ್ತದ ಹೆಂಗಸು ಒಂದೇ ಪ್ರಶ್ನೆಯಲ್ಲಿ ವಿಜ್ಞಾನವನ್ನು ಮಟ್ಟ ಹಾಕಿದ್ದಳು. ಜಯಸಿಂಹರು ಚಾರ್ಟಿನ ಕೆಂಪು ಅಕ್ಷರ ನೋಡಿದರು, ಆಮೇಲೆ ಹೆಂಡತಿಯ ಮುಖ ನೋಡಿದರು. ಯಾರಿಗೆ ತಿಳಿದರೂ ಪರವಾಗಿಲ್ಲ, ಇವಳಿಗೆ ತಿಳಿಯಬಾರದಿತ್ತು.

ಚೂಡಾಮಣಿ ಮಲ್ಲಿಗೆ ಮುಡಿದುಕೊಳ್ಳುತ್ತಾ ನಕ್ಕರು. “ನಂಗೆ ಧಾರೆ ದಿನಾನೇ ಗೊತ್ತಾಯ್ತು ಕಣ್ರೀ. ನಾನೇ ಐದೂ ಐದು. ಹಾರ ಹಾಕೋಕೆ ಕೈ ಎತ್ತಬೇಕಾಗಲೇ ಇಲ್ಲ! ಪಾಪ, ಇಷ್ಟು ಜಂಬ ಪಡ್ತಾರಲ್ಲ, ಪಡ್ಲಿ ಅಂತ ಸುಮ್ನಿದ್ದೆ. ಅದಕ್ಕೇ ಮೂವತ್ತೆಂಟು ವರ್ಷದಿಂದ ಎತ್ತರದ ಹಿಮ್ಮಡಿ ಚಪ್ಪಲಿ ಹಾಕಿಲ್ಲ. ಆಸೆ ಇರಲಿಲ್ಲ ಅಂತಲ್ಲ.”

ಇಂಥ ಹೆಂಡತಿ ಈ ಇಡೀ ಬಡಾವಣೆಯಲ್ಲಿ ಯಾರಿಗಿದ್ದಾಳೆ ಎಂದು ಜಯಸಿಂಹರಿಗೆ ಹೊಸದೊಂದು ಹೆಮ್ಮೆ ಹುಟ್ಟಿತು. ಆ ಭರದಲ್ಲಿ, “ಇವತ್ತೇ ಜಯನಗರಕ್ಕೆ ಹೋಗೋಣ. ನಿಂಗೆ ಯಾವ ಚಪ್ಪಲಿ ಬೇಕೋ ತಗೋ!” ಎಂದು ಘೋಷಿಸಿಬಿಟ್ಟರು.

ಚೂಡಾಮಣಿ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ನಾಲ್ಕನೇ ಬ್ಲಾಕಿನ ಅಂಗಡಿಯಲ್ಲಿ ಮೂರಿಂಚಿನ ಹಿಮ್ಮಡಿಯದ್ದೇ ಆರಿಸಿದರು, ಅಲ್ಲೇ ಹಾಕಿಕೊಂಡರು. ಸಂಜೆ ಆಟೋ ಇಳಿದು ಮನೆಯ ರಸ್ತೆಯಲ್ಲಿ ತಲೆಯೆತ್ತಿ ನಡೆದರು. ಎದುರುಮನೆಯ ಸೋಮನಾಥ್ ಗೇಟಿನ ಬಳಿ ಗಾಬರಿಯಿಂದ ನಿಂತರು.

“ಏನ್ ಸಾರ್, ಹುಷಾರಿಲ್ವಾ? ಯಾಕೋ ಇಳ್ದು ಹೋಗಿದೀರ!”

ಜಯಸಿಂಹರು ಬೆನ್ನುಮೂಳೆಯ ವಿಷಯ ಎತ್ತಲು ಬಾಯಿ ತೆರೆದರು. ಅಷ್ಟರಲ್ಲಿ ಚೂಡಾಮಣಿ ಮೇಲಿನಿಂದ ಗಂಡನನ್ನು ಪ್ರೀತಿಯಿಂದ ನೋಡಿ, “ಇಲ್ಲಾ ಸೋಮನಾಥ್, ಇವ್ರು ಮೊದಲಿಂದ್ಲೂ ಇಷ್ಟೇ,” ಎಂದರು.