ಮೇಷ್ಟ್ರ ಜೇಬಿನ ಹೊಂಗೆ ಚಿಗುರು

ಎಪ್ಪತ್ತರ ಆಸುಪಾಸಿನ ಐದು ಜನ ದಿನಾ ಬೆಳಿಗ್ಗೆ ಒಂದೇ ಪಾರ್ಕ್ ಸುತ್ತಿದರೆ ಏನಾದರೊಂದು ಆಗದೆ ಇರುವುದಿಲ್ಲ. ಬಸವನಗುಡಿಯ ನಮ್ಮ ಗುಂಪಿನಲ್ಲಿ ಆಗುವುದಕ್ಕೆಲ್ಲ ಮೂಲಪುರುಷರು ಒಬ್ಬರೇ, ನಿವೃತ್ತ ಚರಿತ್ರೆ ಮೇಷ್ಟ್ರು.

ಮರಕ್ಕೆ ಮರ್ಯಾದೆ

ಒಂದು ವರ್ಷ ಮೇ ಇಪ್ಪತ್ತೊಂಬತ್ತರಂದು ಮೇಷ್ಟ್ರು ಜೇಬಿಗೆ ಹೊಂಗೆ ಚಿಗುರು ಸಿಕ್ಕಿಸಿಕೊಂಡು ಬಂದರು. ಹಿಂದೆ ಇಂಗ್ಲೆಂಡಿನಲ್ಲಿ ಯುದ್ಧದಲ್ಲಿ ಸೋತ ರಾಜನೊಬ್ಬ ಓಕ್ ಮರ ಹತ್ತಿ ಎಲೆಗಳ ನಡುವೆ ಅಡಗಿ ಪ್ರಾಣ ಉಳಿಸಿಕೊಂಡನಂತೆ. ವರ್ಷಗಳ ಮೇಲೆ ತಿರುಗಿ ಬಂದು ಪಟ್ಟವೇರಿದನಂತೆ. ಆ ನೆನಪಿಗೆ ಅಲ್ಲಿನ ಕೆಲವು ಊರುಗಳಲ್ಲಿ ಈಗಲೂ ಈ ದಿನ ಓಕ್ ಎಲೆ ಮುಡಿಯುತ್ತಾರೆ. ಮುಡಿಯದವರನ್ನು ಚಿವುಟುವ ಪದ್ಧತಿಯೂ ಇತ್ತಂತೆ.

"ಸಾರ್, ಅವ್ರ ರಾಜ ವಾಪಸ್ ಬಂದಿದ್ದಕ್ಕೆ ನಾವ್ಯಾಕೆ ಎಲೆ ಇಟ್ಕೋಬೇಕು?" ಎಂದೆ.

"ರಾಜನಿಗಲ್ಲ ರೀ, ಮರಕ್ಕೆ. ನೂರಾರು ವರ್ಷ ಆದ್ರೂ ಒಂದು ಮರದ ಉಪಕಾರ ಮರೀದೇ ಇರೋದು ಸಾಮಾನ್ಯಾನಾ?"

ನಿಜಕ್ಕೂ ದೊಡ್ಡ ಮಾತು ಅನ್ನಿಸಿತು. ನಾನು ತಲೆದೂಗುತ್ತಿರುವಾಗಲೇ ಮೇಷ್ಟ್ರು ನನ್ನ ತೋಳು ಚಿವುಟಿದರು.

ಒಗ್ಗರಣೆ

ಮರುವರ್ಷ ನಮ್ಮ ಗುಂಪಿನ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಹೊಂಗೆ ಸಿಗಲಿಲ್ಲವೆಂದು ಅಡುಗೆಮನೆಯ ಕರಿಬೇವು ಜೇಬಿಗಿಟ್ಟು ಬಂದರು. ಸಲ್ಲುತ್ತದೋ ಇಲ್ಲವೋ ಎಂದು ಮೇಷ್ಟ್ರು ಗಂಭೀರವಾಗಿ ಯೋಚಿಸುತ್ತಿರುವಾಗ ಮ್ಯಾನೇಜರ್ ಫೋನ್ ಬಡಿದುಕೊಂಡಿತು. ಅವರ ಹೆಂಡತಿಯ ದನಿ ನಮಗೆಲ್ಲ ಕೇಳಿಸಿತು: "ರೀ, ಎಣ್ಣೆ ಕಾದಿದೆ, ಕರಿಬೇವೆಲ್ಲಿ?"

ಮರದ ಮರೆ

ಈ ವರ್ಷ ಮೇಷ್ಟ್ರಿಗೆ ಮಂಡಿ ಆಪರೇಷನ್ ಆಗಿ, ಗೇಟು ದಾಟಬಾರದೆಂದು ಮಗಳ ಆಜ್ಞೆಯಾಗಿತ್ತು. ಅವರಿಲ್ಲದೆ ಎಂಥ ಎಲೆ ದಿನ? ನಾಲ್ವರೂ ಜೇಬಿಗೆ ಚಿಗುರಿಟ್ಟುಕೊಂಡು ಸಪ್ಪಗೆ ಕೂತಿದ್ದೆವು. ಅಷ್ಟರಲ್ಲಿ ಕೋಲೂರಿಕೊಂಡು ಮೇಷ್ಟ್ರೇ ಬಂದರು! ಖುಷಿಗೆ ಎಲ್ಲರೂ ಎದ್ದು ನಿಂತೆವು. ನೋಡಿದರೆ ಅವರ ಜೇಬು ಖಾಲಿ. ಕದ್ದು ಬರುವ ಅವಸರದಲ್ಲಿ ಎಲೆಯೇ ಮರೆತುಹೋಗಿತ್ತು.

ಗುರುಗಳನ್ನು ಚಿವುಟುವವರು ಯಾರು ಎಂದು ನಾವು ಮುಖ ಮುಖ ನೋಡಿಕೊಳ್ಳುವಾಗ ಹೊರಗೆ ಮಗಳ ಸ್ಕೂಟರ್ ನಿಂತಿತು. ಮೇಷ್ಟ್ರು ಸರಕ್ಕನೆ ಹೊಂಗೆ ಮರದ ಹಿಂದೆ ಸೇರಿಕೊಂಡರು.

"ಅಂಕಲ್, ಅಪ್ಪ ಬಂದ್ರಾ?"

"ಇಲ್ವಲ್ಲಮ್ಮ," ಎಂದೆವು ಒಕ್ಕೊರಲಿನಿಂದ.

ಮರದ ಪಕ್ಕದಲ್ಲಿ ಕೋಲಿನ ತುದಿ ಕಾಣುತ್ತಿತ್ತು. ಅವಳು ಸೀದಾ ಅಲ್ಲಿಗೇ ಹೋಗಿ ಬ್ಯಾಗಿನಿಂದ ಒಂದು ಚಿಗುರು ತೆಗೆದು ಚಾಚಿದಳು. "ಅಪ್ಪಾ, ಎಲೆ ಮರೆತು ಬಂದಿದೀರಿ. ಈ ವಯಸ್ಸಲ್ಲಿ ಚಿವುಟಿಸ್ಕೋಬೇಡಿ."

ಮರದ ಹಿಂದಿನಿಂದ ಒಂದು ಕೈ ಬಂದು ಎಲೆ ತೆಗೆದುಕೊಂಡಿತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ದನಿ ಕೇಳಿತು: "ಶತ್ರು ಸೈನ್ಯ ಹೋಯ್ತೇನ್ರೀ?"

"ಇಲ್ಲ ಮಹಾರಾಜ್ರೇ," ಎಂದಳು ಮಗಳು. "ಸೈನ್ಯ ಸ್ಕೂಟರ್ ತಂದಿದೆ. ಒಂದೇ ಒಂದು ಸುತ್ತು ಹಾಕಿ, ಸುಮ್ನೆ ಬಂದು ಹತ್ಕೊಳ್ಳಿ."