ಮಾವನವರನ್ನು ಇಳಿಸುವ ಕವಾಯತು

ನಮ್ಮ ಮಾವನವರ ನಿಧಾನದ ಬಗ್ಗೆ ಇನ್ನೂ ಒಂದು ಪುರಾಣ ಹುಟ್ಟಿಲ್ಲವೆಂದರೆ ಕಾರಣ ಇಷ್ಟೇ: ಬರೆಯಲು ಕೂತವರು, ಮಾವನವರು ಕುರ್ಚಿಯಿಂದ ಏಳುವ ಅಧ್ಯಾಯ ಮುಗಿಯುವ ಮೊದಲೇ ಮುದುಕರಾಗಿಬಿಡುತ್ತಾರೆ. ನನ್ನ ಹೆಂಡತಿ ಹುಟ್ಟಿದ ಸುದ್ದಿ ಕೇಳಿ ಅವರು ಆಸ್ಪತ್ರೆಗೆ ಹೊರಟರಂತೆ; ದಾರಿಯಲ್ಲಿ ಮಗುವೇ ಎದುರಿಗೆ ನಡೆದುಕೊಂಡು ಬಂತೆಂದು ನಮ್ಮತ್ತೆ ಬದುಕಿರುವವರೆಗೂ ಹೇಳುತ್ತಿದ್ದರು. ಬೆಳಗಿನ ವಾಕಿಂಗಿಗೆ ಅವರ ಜೊತೆ ಹೊರಟ ಆಮೆಯೊಂದು ಬೀದಿಯ ತಿರುವಿನಲ್ಲಿ, "ಕ್ಷಮಿಸಿ, ನನಗೆ ಸ್ವಲ್ಪ ಅವಸರ" ಎಂದು ಮುಂದೆ ಹೋಯಿತೆಂಬ ಐತಿಹ್ಯವೂ ಉಂಟು. (ಐತಿಹ್ಯ ನನ್ನದೇ.)

ಇಂಥ ಮಹಾಪುರುಷರನ್ನು ಮೂರೇ ನಿಮಿಷದಲ್ಲಿ ಮೇಲಿನ ಮಹಡಿಯಿಂದ ಬೀದಿಗೆ ಇಳಿಸುವ ಹೊಣೆ ನನ್ನ ಹೆಗಲೇರಿತು.

ನಮ್ಮ ಕಟ್ಟಡ ಮರದ್ದು. ಕಂಬ, ತೊಲೆ, ನೆಲ, ಮೆಟ್ಟಿಲು ಎಲ್ಲವೂ ಮರ. ಗೋಡೆಯೆಂದರೂ ಮರದ ಚೌಕಟ್ಟಿಗೆ ಎರಡು ಕಡೆಯಿಂದ ಜಿಪ್ಸಂ ಹಲಗೆ ಹೊಡೆದದ್ದು, ನಡುವೆ ಪೊಳ್ಳು. ಕೆಳಗೆ ದರ್ಜಿ, ನಡುವೆ ನರ್ಸಮ್ಮ, ಮೇಲೆ ನಾವು ಮೂವರು. ನನ್ನ ಷಡ್ಡಕ, ಅಂದರೆ ನಾದಿನಿಯ ಗಂಡ, ಕಾಂಕ್ರೀಟ್ ಮನೆಯವನು. ಬಂದಾಗಲೆಲ್ಲ ನಮ್ಮ ಗೋಡೆಯನ್ನು ಬೆರಳಲ್ಲಿ ಕುಟ್ಟಿ, "ಅಣ್ಣ, ಕಡ್ಡಿಪೆಟ್ಟಿಗೆಯೊಳಗೆ ಸಂಸಾರ ಮಾಡೋಕೂ ಎಂಟೆದೆ ಬೇಕು ಬಿಡಿ" ಎನ್ನುತ್ತಾನೆ.

ಅಗ್ನಿಶಾಮಕ ದಳದ ಅಧಿಕಾರಿ ಬಂದು ಗೋಡೆ ಕುಟ್ಟಿದಾಗ ಮಾತ್ರ ನನಗೆ ನಗು ಬರಲಿಲ್ಲ.

"ಪೈಪು ಹೋಗಿರೋ ತೂತುಗಳನ್ನೆಲ್ಲ ಮುಚ್ಚಿಸಿ. ಇಲ್ಲಾಂದ್ರೆ ಬೆಂಕಿ ಗೋಡೆ ಒಳಗೇ ಮೇಲಕ್ಕೆ ಹತ್ತುತ್ತೆ. ಬಾಗಿಲು ತಾನಾಗೇ ಮುಚ್ಕೋಬೇಕು. ಮೆಟ್ಟಿಲ ಮೇಲೆ ಒಂದು ಚಪ್ಪಲಿಯೂ ಇರಬಾರದು. ಭಾನುವಾರ ಬಂದು ಗಂಟೆ ಬಾರಿಸ್ತೀನಿ, ಮೂರು ನಿಮಿಷದಲ್ಲಿ ಎಲ್ಲರೂ ಬೀದೀಲಿರಬೇಕು. ಯಾವುದು ತಪ್ಪಿದ್ರೂ, ಸರಿಮಾಡೋವರೆಗೆ ಮೇಲಿನ ಮಹಡಿಗೆ ಬೀಗ."

"ಬೀಗ ಹಾಕಿದ್ರೆ ನಾವೆಲ್ಲಿಗೆ ಹೋಗೋದು?" ಎಂದೆ, ಅವರು ಹೋದ ಮೇಲೆ.

"ಅದಕ್ಯಾಕೆ ಯೋಚನೆ? ತಂಗಿ ಮನೆ ಇಲ್ವಾ?" ಎಂದಳು ಹೆಂಡತಿ, ಹೂವೆತ್ತಿದಷ್ಟು ಹಗುರವಾಗಿ.

ಷಡ್ಡಕನ ಹಜಾರ! ಷಡ್ಡಕನ ಸೋಫಾ! ಬೆಳಿಗ್ಗೆ ಕಣ್ಣು ಬಿಟ್ಟರೆ ಎದುರಿಗೆ ಷಡ್ಡಕ! ಬೆಂಕಿಯಲ್ಲಿ ಬೆಂದರೂ ಬೇಯುತ್ತೇನೆ, ಆ ಸೋಫಾದ ಮೇಲೆ ಮಲಗಲಾರೆ ಎಂದು ಅಲ್ಲೇ ಪ್ರತಿಜ್ಞೆ ಮಾಡಿ, ನನ್ನನ್ನು ನಾನೇ ಕಟ್ಟಡದ ಅಗ್ನಿದಳಪತಿಯಾಗಿ ನೇಮಿಸಿಕೊಂಡೆ.

ಮೊದಲ ದಂಡಯಾತ್ರೆ ಮೆಟ್ಟಿಲ ಮೇಲೆ. ನರ್ಸಮ್ಮನ ಚಪ್ಪಲಿ ಸ್ಟ್ಯಾಂಡನ್ನು ಒಳಕ್ಕೆ ತಳ್ಳಿಸಿದೆ. ಕೆಳಗೆ ದರ್ಜಿ ತನ್ನ ಹಳೆಯ ಹೊಲಿಗೆ ಯಂತ್ರವನ್ನು ಅಪ್ಪಿಕೊಂಡು ನಿಂತ.

"ಸಾರ್, ಇದು ಕಬ್ಬಿಣ. ಬೆಂಕಿ ಇದಕ್ಕೇನು ಮಾಡುತ್ತೆ?"

"ಬೆಂಕಿ ಏನೂ ಮಾಡಲ್ಲಪ್ಪ. ಓಡಿ ಬರೋರು ಇದಕ್ಕೆ ಎಡವಿ ಸಾಯ್ತಾರೆ. ಮೆಟ್ಟಿಲು ಅಂದ್ರೆ ಮೆಟ್ಟಿಲಲ್ಲ, ಪ್ರಾಣದ ದಾರಿ!"

ನನ್ನ ಮಾತಿಗೆ ನಾನೇ ಪುಳಕಿತನಾದೆ. ದರ್ಜಿ ಯಂತ್ರವನ್ನು ಮಂಚದ ಪಕ್ಕಕ್ಕೆ ಒಯ್ದ. (ಅಂದಿನಿಂದ ಅವನ ಹೆಂಡತಿ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಒಳ್ಳೆಯದೇ, ಬಾಗಿಲು ಮುಚ್ಚಿರಬೇಕೆಂಬುದು ನಿಯಮ.) ಪೈಪಿನ ತೂತುಗಳನ್ನೆಲ್ಲ ಮುಚ್ಚಿಸಿ, ನಮ್ಮ ಬಾಗಿಲಿಗೆ ಸ್ಪ್ರಿಂಗ್ ಹಾಕಿಸಿದೆ. ಅದು ನನ್ನ ಹೆಂಡತಿಯ ಬೆನ್ನಿಗೆ ದಿನಕ್ಕೆರಡು ಬಾರಿಯಾದರೂ ಬಡಿದು, ಪ್ರತಿ ಸಲವೂ ನನ್ನ ವಂಶವನ್ನು ಸ್ಮರಿಸುವಂತೆ ಮಾಡಿತು.

ಉಳಿದವರು ಮಾವನವರು.

"ಮಾವಾ, ಬೆಂಕಿ ಬಿದ್ದಿದೆ!" ಎಂದು ಸೀಟಿ ಊದಿದೆ.

ಅವರು ಪತ್ರಿಕೆಯನ್ನು ಕೆಳಗಿಳಿಸಿದರು. "ಎಲ್ಲಿ?"

"ಬಿದ್ದಿದೆ ಅಂತ ಅಂದ್ಕೊಳ್ಳಿ."

"ಅಂದ್ಕೊಂಡೆ."

"ಈಗೇನು ಮಾಡ್ತೀರಿ?"

"ಆರಿದೆ ಅಂತ ಅಂದ್ಕೋತೀನಿ" ಎಂದು ಪತ್ರಿಕೆಯನ್ನು ಮತ್ತೆ ಮೇಲೆತ್ತಿದರು.

"ಅಪ್ಪನ್ನ ಯಾಕ್ರೀ ಗೋಳು ಹುಯ್ಕೋತೀರಾ?" ಎಂದು ಒಳಗಿನಿಂದ ಹೆಂಡತಿ.

ಆದರೂ ಬಿಡಲಿಲ್ಲ. ವಾರವಿಡೀ ಸೀಟಿ ಊದಿ ಎಬ್ಬಿಸಿ, ಹಿಂದೆ ನಿಂತು ಇಳಿಸಿದೆ. ಮಂಡಿನೋವಿನ ಮನುಷ್ಯ, ಮೆಟ್ಟಿಲ ಕಂಬಿಯನ್ನು ಹಳೆಯ ಗೆಳೆಯನ ಹಾಗೆ ಎರಡೂ ಕೈಯಲ್ಲಿ ಹಿಡಿದು, ಪ್ರತಿ ಮೆಟ್ಟಿಲಿಗೂ ಕುಶಲ ಕೇಳಿ ಇಳಿಯುತ್ತಿದ್ದರು. ಅವರು ಬೀದಿ ಮುಟ್ಟುವ ಹೊತ್ತಿಗೆ ನಿಜವಾದ ಬೆಂಕಿಯಾದರೆ ಆರಿ, ಬೂದಿ ಗುಡಿಸಿ, ಹೊಸ ಮನೆಯ ಪಾಯ ಹಾಕಿರುತ್ತಿದ್ದರು.

ಶನಿವಾರ ನನಗೊಂದು ದಿವ್ಯ ಜ್ಞಾನೋದಯವಾಯಿತು. ಮಾವನವರಿಂದ ಹೋಗಲಿರುವ ಮಾನವನ್ನು ಬೇರೆ ಕಡೆಯಿಂದ ಗಳಿಸಬೇಕು. ಅಧಿಕಾರಿ ಕಂಡು ಬೆರಗಾಗುವಂಥದ್ದೊಂದು ಇಡಬೇಕು! ಬಡಗಿಗೆ ಹೇಳಿ ಆಳೆತ್ತರದ ಬೀರು ಮಾಡಿಸಿದೆ. ಒಳಗೆ ಬೆಂಕಿ ಆರಿಸುವ ಸಿಲಿಂಡರು, ಮರಳಿನ ಬಕೆಟ್ಟು, ಕಂಬಳಿ, ಟಾರ್ಚು. ಬಾಗಿಲ ಮೇಲೆ ಕಟ್ಟು ಹಾಕಿಸಿದ ನಿಯಮಗಳು. (ಮೂಲೆಯಲ್ಲಿ ನನ್ನದೊಂದು ಚಿಕ್ಕ ಫೋಟೊ.) ಭಾನುವಾರ ಬೆಳಿಗ್ಗೆ ಬಡಗಿ ಅದನ್ನು ತಂದು, ದರ್ಜಿಯ ಮನೆಯಿಂದ ಮೇಲೆ ಮೆಟ್ಟಿಲು ತಿರುಗುವ ಕಡೆ ಭದ್ರವಾಗಿ ನಿಲ್ಲಿಸಿಹೋದ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಮೆಟ್ಟಿಲ ಮೇಲೆ ಸಾಮಾನು ಇಡಬಾರದು ಅಂತ ಊರಿಗೆಲ್ಲ ಸಾರಿದೋರು ಯಾರು?"

"ಇದು ಸಾಮಾನಲ್ಲ ಕಣೇ, ಸುರಕ್ಷತೆ."

"ಸುರಕ್ಷತೆಗೆ ಇಷ್ಟು ದೊಡ್ಡ ಹೊಟ್ಟೆ ಇರುತ್ತಾ?"

ಕೆಳಗಿನಿಂದ ದರ್ಜಿ, "ಹೇಳೋದು ಶಾಸ್ತ್ರ, ಹಾಕೋದು ಗಾಳ" ಎಂದದ್ದೂ ಕೇಳಿಸಿತು. ಅಜ್ಞಾನಿಗಳ ನಡುವೆ ದಳಪತಿ ಒಂಟಿ.

ಅಧಿಕಾರಿ ಬಂದರು. ಷಡ್ಡಕನೂ ಬಂದ, ಬಾಡಿಗೆ ವ್ಯಾನಿನ ಸಮೇತ! ಬೀದಿಯಿಂದಲೇ ಕೂಗಿದ: "ಅಣ್ಣ, ಗಾಬರಿ ಬೇಡ. ಸೋಫಾಗೆ ಹೊಸ ಹೊದಿಕೆ ಹಾಕಿಸಿದ್ದೀನಿ!"

ಗಂಟೆ ಮೊಳಗಿತು. ನರ್ಸಮ್ಮ ಬೀರುವಿನ ಪಕ್ಕದಲ್ಲಿ ಕಾಗದದಂತೆ ತೂರಿ ಇಳಿದರು, ಹೆಂಡತಿ ಬೀರುವನ್ನೂ ನನ್ನನ್ನೂ ಶಪಿಸುತ್ತ ಇಳಿದಳು. ನಾನು ಮಾವನವರ ಕೋಣೆಗೆ ನುಗ್ಗಿದೆ. ಅವರು ಕುರ್ಚಿಯಲ್ಲಿರುವರೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಸೂರ್ಯ ಆಕಾಶದಲ್ಲಿದ್ದಾನೆಯೇ ಎಂದು ಯಾರಾದರೂ ಮೊದಲೇ ಹೋಗಿ ನೋಡಿಬರುತ್ತಾರೆಯೇ?

ಕುರ್ಚಿ ಖಾಲಿ!

ಮಂಚದ ಕೆಳಗೆ ನೋಡಿದೆ, ಬಚ್ಚಲಲ್ಲಿ ನೋಡಿದೆ, ಗಾಬರಿಗೆ ಸಕ್ಕರೆ ಡಬ್ಬದಲ್ಲೂ ನೋಡಿದೆ. ಕೊನೆಗೆ ಎದ್ದೆನೋ ಬಿದ್ದೆನೋ ಎಂದು ಇಳಿದು, ಬೀರುವಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು, ಎರಡು ಗುಂಡಿ ಅಲ್ಲೇ ಬಿಟ್ಟು ಬೀದಿಗೆ ಬಿದ್ದೆ.

"ಸಾರ್, ನಮ್ಮ ಮಾವ... ಮೇಲೆ..."

"ಈ ಹಿರಿಯರಾ?" ಎಂದರು ಅಧಿಕಾರಿ. ದೀಪದ ಕಂಬಕ್ಕೆ ಒರಗಿ ಮಾವನವರು ತಣ್ಣಗೆ ನಿಂತಿದ್ದರು. "ಗಂಟೆ ಒತ್ತಿ ನಾನು ಹೊರಗೆ ಬರೋಷ್ಟರಲ್ಲೇ ಇವರು ಇಲ್ಲಿದ್ರಲ್ಲ! ಎಲ್ಲರಿಗಿಂತ ಮೊದಲು ಇವರೇ. ನೀವೂ ಮೂರು ನಿಮಿಷಕ್ಕೆ ಸರಿಯಾಗಿ ಬಂದ್ರಿ."

ನನ್ನ ಎದೆ ಉಬ್ಬಿ ಮೂರನೇ ಗುಂಡಿಯೂ ಹಾರಿತು. ಷಡ್ಡಕನ ಮುಖ ಅವನ ಕಾಂಕ್ರೀಟಿನ ಬಣ್ಣಕ್ಕೆ ತಿರುಗಿತು.

"ತರಬೇತಿ ಸಾರ್! ವಾರವಿಡೀ ತರಬೇತಿ!"

"ಇಷ್ಟು ವಯಸ್ಸಾದೋರೇ ಮೊದಲು ಇಳಿದಿದ್ದಾರೆ ಅಂದ್ರೆ ಮೆಟ್ಟಿಲು ಕನ್ನಡಿ ಹಾಗಿರಬೇಕು. ಇನ್ನು ನಾನೇನು ಹತ್ತಿ ನೋಡೋದು?" ಎಂದು ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

"ರೀ, ಸಾಕು ಬನ್ನಿ" ಎಂದು ಹೆಂಡತಿ ತೋಳು ಚಿವುಟಿದಳು. ಆದರೆ ಷಡ್ಡಕ ಇನ್ನೂ ಎದುರಿಗೆ ನಿಂತಿದ್ದನಲ್ಲ! ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ಮಾವಾ, ಇಷ್ಟು ಬೇಗ ಹೇಗೆ ಇಳಿದ್ರಿ ಅಂತ ಸಾಹೇಬರಿಗೆ ನೀವೇ ಹೇಳಿ!"

ಮಾವನವರು ಆಯುಷ್ಯದಲ್ಲೇ ಮೊದಲ ಬಾರಿಗೆ ತಡಮಾಡದೆ ಉತ್ತರಿಸಿದರು.

"ಇಳಿದಿಲ್ಲ ಅಳಿಯಂದ್ರೇ. ವಾಕಿಂಗ್ ಮುಗಿಸಿ ಬಂದೋನು ನಾನಿನ್ನೂ ಹತ್ತೇ ಇಲ್ಲ. ಕಂಬಿಗೆ ಅಡ್ಡವಾಗಿ ಯಾರೋ ಬೀರು ಇಟ್ಟಿದ್ದಾರೆ."