ಅನುಪಯುಕ್ತದಲ್ಲಿ ನಿಮ್ಮ ತಾತ

ನಾಚಿಕೆ ಎಂಬುದು ಸಣ್ಣ ವಯಸ್ಸಿನ ಹೆಣ್ಣುಮಕ್ಕಳಿಗೆ ಒಡವೆಯಂತೆ. ನನ್ನ ವಯಸ್ಸಿನವರಿಗೆ ಅದು ಮಂಡಿನೋವಿದ್ದ ಹಾಗೆ. ಎಲ್ಲಿಗೆ ಹೊರಟರೂ ಜೊತೆಗೆ ಬರುತ್ತದೆ, ಕೆಲಸಕ್ಕೆ ಮಾತ್ರ ಬರುವುದಿಲ್ಲ. ಕುಶಾಲನಗರದಿಂದ ಬಸ್ಸಿನಲ್ಲಿ ಬರುವಾಗ ನಮ್ಮ ಮನೆಯ ತಿರುವು ನೆಲ್ಯಹುದಿಕೇರಿಗೆ ಮೊದಲೇ ಸಿಗುತ್ತದೆ. ಅಲ್ಲಿ ‘ಹೋಲ್ಡಾನ್’ ಎಂದು ಕೂಗಬೇಕು. ಕೂಗಲು ನಾಚಿ, ಬೇರೆ ಯಾರಾದರೂ ಇಳಿಯಬಹುದೆಂದು ಕಾದು, ಯಾರೂ ಇಳಿಯದೆ, ಪೇಟೆಯವರೆಗೆ ಹೋಗಿ ಇಳಿದು ಹಿಂದಕ್ಕೆ ನಡೆದುಕೊಂಡು ಬಂದವಳು ನಾನು. ಅದೂ ಒಂದು ಸಲವಲ್ಲ. ಕೊನೆಗೆ ಕಂಡಕ್ಟರಿಗೇ ಪಾಪ ಎನಿಸಿ, ತಿರುವು ಬಂದ ಕೂಡಲೇ ನನ್ನ ಮುಖ ನೋಡಿ ತಾನೇ ಸೀಟಿ ಊದತೊಡಗಿದ. ಇಂಥವಳು ಹೋದ ತಿಂಗಳು ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿ ನಿಮ್ಮ ತಾತನನ್ನು ಬಿಡಿಸಿಕೊಂಡು ಬಂದೆ. ಮಕ್ಕಳೇ, ಇದು ಜಂಬ ಎಂದರೆ ಜಂಬವೇ. ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ ಎಂದು ಬರೆದು ತಿಳಿಸುತ್ತಿದ್ದೇನೆ.

ನಿಮ್ಮ ತಾತ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಕಥೆ ಬರೆಯುವ ರೈಟರಲ್ಲ, ಬೆಳಗಾದರೆ ಲೈನ್‌ಮನೆಗಳ ಮುಂದೆ ನಿಂತು ಕೂಲಿಯವರ ಹಾಜರಿ ಬರೆಯುವ ರೈಟರ್. ಆ ಕೆಲಸಕ್ಕೆ ಒಂದು ಮುಖ ಬೇಕಾಗುತ್ತದೆ. ಅವರು ಅದನ್ನೇ ಕ್ಯಾಮೆರಾಗೂ ತೋರಿಸುತ್ತಿದ್ದರು. ನಮ್ಮ ಮದುವೆಯ ಫೋಟೋದಲ್ಲಿ ನನ್ನ ಪಕ್ಕ ನಿಂತು, ಯಾರು ತಡವಾಗಿ ಬಂದರು ಎಂದು ನೋಡುತ್ತಿರುವ ಹಾಗಿದ್ದಾರೆ. ಇಷ್ಟು ದಿನ ಗೋಡೆಯ ಮೇಲಿದ್ದದ್ದು ವೋಟರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಫೋಟೋ. ಅದರ ಮುಂದೆ ಹಾದುಹೋಗುವಾಗ ಕಾಫಿ ಕೊಡಲು ತಡವಾಯಿತೇನೋ ಎಂದು ಈಗಲೂ ನನಗೆ ಗಾಬರಿ. ಆದರೆ ಮನೆಯೊಳಗೆ ಅವರು ಚೆನ್ನಾಗಿ ನಗುತ್ತಿದ್ದರು. ಹೊಸ ಫೋನು ತಂದ ದಿನ ಜಗುಲಿಯಲ್ಲಿ ಕೂತು ಫೋಟೋ ತೆಗೆಯುವುದನ್ನು ನನಗೆ ಕಲಿಸುವಾಗ, ನಾನು ಅದನ್ನು ಹಿಡಿದ ಚಂದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನ ನಡುವೆಯೇ ನಾನು ಒತ್ತಿಬಿಟ್ಟೆ. ನಗುವ ತಾತನ ಫೋಟೋ ಭೂಮಿಯ ಮೇಲೆ ಅದೊಂದೇ ಇದ್ದದ್ದು. ಕಳಿಸು ಎಂದು ನಿಮ್ಮ ಅಮ್ಮ ಎಷ್ಟೋ ಸಲ ಕೇಳಿದ್ದಳು. ಗಂಡ ನನ್ನನ್ನು ನೋಡಿ ನಕ್ಕದ್ದನ್ನು ಊರಿಗೆಲ್ಲ ಹಂಚುವುದು ಹೇಗೆ ಎಂದು ನಾನು ಕಳಿಸಿರಲಿಲ್ಲ. ಈ ವರ್ಷ ತಾತನಿಗೆ ಎಡೆ ಇಡುವ ದಿನ ಹತ್ತಿರ ಬಂದಾಗ ಅವಳು ಪೊನ್ನಂಪೇಟೆಯಿಂದ ಫೋನ್ ಮಾಡಿದಳು. “ಅಮ್ಮ, ಆ ವೋಟರ್ ಕಾರ್ಡು ಇಳಿಸೋಣ. ಅಪ್ಪ ಹೋದಾಗ ಒಬ್ಬ ತೊಟ್ಟಿಲಲ್ಲಿದ್ದ, ಒಬ್ಬಳು ಹುಟ್ಟೇ ಇರ್ಲಿಲ್ಲ. ಅವರ ತಾತ ನಗ್ತಿದ್ರು ಅಂತ ಈ ಮಕ್ಕಳಿಗೂ ಗೊತ್ತಾಗ್ಲಿ. ಭಾನುವಾರ ಬರ್ತೀನಿ, ಹುಡುಕಿಟ್ಟಿರು.”

ಹುಡುಕಲು ಹೋದರೆ ಫೋನಿನ ತುಂಬ ಗಿರಿಜಕ್ಕ. ನಮ್ಮ ಪಕ್ಕದ ಮನೆಯ ಗಿರಿಜಕ್ಕ ದಿನಾ ಬೆಳಿಗ್ಗೆ ಒಂದು ಗುಲಾಬಿ, ಒಂದು ಸೂರ್ಯ, ಜೊತೆಗೊಂದು ಬುದ್ಧಿಮಾತು ಕಳಿಸುತ್ತಾಳೆ. ಬೇಲಿಯಾಚೆ ಕೆಮ್ಮಿದರೆ ಈಚೆ ಕೇಳಿಸುವಷ್ಟು ಹತ್ತಿರದಲ್ಲಿದ್ದುಕೊಂಡು ಆಕಾಶದ ದಾರಿಯಲ್ಲಿ ಶುಭೋದಯ ಹೇಳುತ್ತಾಳೆ. ಎಡೆಗೆ ಹೇಗೂ ಮನೆ ಸಾರಿಸಬೇಕು, ಮೊದಲು ಫೋನನ್ನು ಗುಡಿಸೋಣ ಎಂದುಕೊಂಡೆ. ಒಂದು ಗುಲಾಬಿಯ ಮೇಲೆ ಬೆರಳು ಒತ್ತಿಹಿಡಿದು ಹಾಗೇ ಕೆಳಕ್ಕೆ ಎಳೆದರೆ ಸಾಲುಸಾಲಾಗಿ ಸರಿ ಗುರುತು ಬೀಳುತ್ತದೆ ಎಂಬುದನ್ನು ಅವತ್ತೇ ನಾನಾಗಿ ಕಂಡುಹಿಡಿದೆ. ಹೊಸ ವಿದ್ಯೆಯ ಖುಷಿಯಲ್ಲಿ ಅಂಗಳಕ್ಕೆ ಪೊರಕೆ ಎಳೆದ ಹಾಗೆ ಎಳೆದೆ. ನನಗೆ ಇಂಗ್ಲಿಷ್ ಬಾರದೆಂದು ತಾತ ನನ್ನ ಫೋನನ್ನು ಕನ್ನಡದಲ್ಲಿ ಇಟ್ಟುಕೊಟ್ಟಿದ್ದರು. ಅದು ‘ಅಳಿಸಿ’ ಎಂದು ತೋರಿಸಿತು. ಅಳಿಸುವುದು ಎಂದರೆ ಸ್ಲೇಟು ಒರೆಸುವುದೂ ಹೌದು, ಮಗುವನ್ನು ಚಿವುಟುವುದೂ ಹೌದು. ಫೋನು ಪಾಪ ಎರಡನೆಯ ಅರ್ಥದಲ್ಲಿ ಎಚ್ಚರಿಸಿತ್ತು. ನಾನು ಮೊದಲನೆಯ ಅರ್ಥದಲ್ಲಿ ಒತ್ತಿದೆ. ಗುಲಾಬಿಗಳು ಹೋದವು, ಸೂರ್ಯಗಳು ಹೋದವು, ಜಗುಲಿಯಲ್ಲಿ ಕೂತಿದ್ದ ನಿಮ್ಮ ತಾತನೂ ಹೋದರು.

ಮಾರನೆಯ ದಿನ ಬೆಳಿಗ್ಗೆ ಗಿರಿಜಕ್ಕ ಬೇಲಿಯ ಬಳಿ ಬಂದು ನಿಂತಳು. “ಯಾಕೆ, ಕಣ್ಣು ಕೆಂಪಾಗಿದೆ?”

“ಈರುಳ್ಳಿ ಹೆಚ್ತಿದ್ದೆ.”

“ಒಬ್ಳಿಗೆ ಎಷ್ಟ್ ಈರುಳ್ಳಿ ಬೇಕೇ ನಿಂಗೆ? ಏನಾಯ್ತು ಹೇಳು.”

ಹೇಳಿದೆ. ಅವಳು, “ಪೇಟೇಲಿ ಹಮೀದ್‌ ಹತ್ರ ಹೋಗು. ಹೊಳೆಗೆ ಬಿದ್ದ ಫೋನನ್ನೇ ಎಬ್ಬಿಸ್ದೋನು ಅವನು. ಆದ್ರೆ ಬಾಯ್ಬಿಟ್ಟು ಹೇಳ್ಬೇಕು, ಅಲ್ಲೋಗಿ ಕಂಬದಂಗೆ ನಿಂತ್ಕಬೇಡ,” ಎಂದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ, “ಅದಿರ್ಲಿ, ನನ್ ಗುಲಾಬಿ ಏನ್ ಮಾಡಿದ್ವು ನಿಂಗೆ?” ಎಂದು ಕೇಳಿದಳು. ನಾನು ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಪೇಟೆಗೆ ಹೊರಟೆ.

ಹಮೀದ್ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಜನ ರೇಡಿಯೋ ಬಿಟ್ಟ ಮೇಲೆ ಮೊಬೈಲಿಗೆ ಬಂದ. ಅಂಗಡಿಯ ಮುಂದೆ ಒಂದು ಬೆಂಚು. ಅದು ಯಾವತ್ತೂ ಖಾಲಿ ಇರುವುದಿಲ್ಲ. ಅವತ್ತು ತಾತನ ಎಸ್ಟೇಟಿನಲ್ಲೇ ದುಡಿದಿದ್ದ ಮುದುಕ ಮುರುಗನೂ ಕೂತಿದ್ದ.

“ಎಂತ ಆಯ್ತು ಅಮ್ಮ?” ಎಂದ ಹಮೀದ್.

ನಮ್ಮ ಕಾಲದವರು ಗಂಡನ ಹೆಸರು ಹೇಳುವುದಿಲ್ಲ. ಅವರು ಎಂದರೆ ಅವರು, ಅಷ್ಟೇ. ನಾನು ನೆಲ ನೋಡುತ್ತಾ, “ಅವರು ಹೋಗ್ಬಿಟ್ರು,” ಎಂದೆ.

ಹಮೀದ್ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. “ಅಯ್ಯೋ ದೇವರೇ. ಯಾವಾಗ ಅಮ್ಮ?”

“ನಿನ್ನೆ ಮಧ್ಯಾಹ್ನ.”

ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಒಬ್ಬರು ತಲೆಯ ಮೇಲಿನ ಟವೆಲು ತೆಗೆದರು. ಮುರುಗ ಮಾತ್ರ ಹುಬ್ಬು ಗಂಟಿಕ್ಕಿ, “ರೈಟರ್ ಸತ್ತು ವರ್ಷಗಳೇ ಆಯ್ತಲ್ಲ, ನಾನೇ ಸೌದೆ ಹೊತ್ತಿದೀನಿ,” ಎಂದ.

“ಆಗ ಮನೆಯಿಂದ ಹೋಗಿದ್ರು,” ಎಂದೆ. “ಈಗ ಫೋನಿಂದ.”

ಎಲ್ಲರೂ ಮತ್ತೆ ಕೂತರು. ಫೋಟೋ ಅಳಿಸಿಹೋದದ್ದನ್ನು ಹೇಳಿದೆ. ಹಮೀದ್ ಕೇಳಿದ: “ಅಳಿಸಿದ ಮೇಲೆ ಹೊಸ ಫೋಟೋ ಏನಾದ್ರೂ ತೆಗೆದ್ರಾ?” ಇಲ್ಲ ಎಂದೆ. “ಒಳ್ಳೇದಾಯ್ತು, ತೆಗೀಬೇಡಿ. ಇದು ಕೊಯ್ದ ಗದ್ದೆ ಇದ್ದ ಹಾಗೆ ಅಮ್ಮ. ಕೂಳೆ ಒಳಗೇ ಇರ್ತದೆ, ಬೇರೆಯವರು ಬಂದು ಉತ್ತು ನಾಟಿ ಮಾಡಿದ್ರೆ ಮಾತ್ರ ಹೋಯ್ತು.” ಆಮೇಲೆ ಫೋನು ತೆರೆದು ಮುಖ ಸಣ್ಣದು ಮಾಡಿಕೊಂಡ. “ಇದು ಕನ್ನಡದಲ್ಲಿ ಉಂಟಲ್ಲ. ನಾನು ಓದಿದ್ದು ಕೇರಳದಲ್ಲಿ, ಕನ್ನಡ ಮಾತಿಗೆ ಮಾತ್ರ. ದಾರಿ ನನ್ನ ಬೆರಳಿಗೆ ಗೊತ್ತು, ಆದ್ರೆ ಕೊನೇಲಿ ವಾಪಸ್ ತರೋದು, ಪೂರ್ತಿ ತೆಗೆಯೋದು ಎರಡೂ ಅಕ್ಕಪಕ್ಕ ಇರ್ತವೆ. ಓದದೆ ಒತ್ತಿದ್ರೆ ಮತ್ತೆ ನನ್ನನ್ನು ಬೈಬಾರ್ದು. ಇಂಗ್ಲಿಷ್ ಮಾಡ್ಲಾ?”

ಇಂಗ್ಲಿಷ್ ಆದರೆ ಫೋನಿನ ಜೊತೆ ನಾನೂ ಕಳೆದುಹೋಗುತ್ತೇನೆ ಎನಿಸಿತು. “ಬೇಡಪ್ಪ. ನಾನೇ ಓದ್ತೀನಿ,” ಎಂದೆ. ಹೇಳಿದ ಮೇಲೆ ಅದು ನನ್ನದೇ ಧ್ವನಿಯೆಂದು ಗೊತ್ತಾಯಿತು. ನಮ್ಮ ಊರಿನ ಶಾಲೆಯಲ್ಲಿ ಪಾಠ ಓದಲು ಎಬ್ಬಿಸಿದರೆ, “ಗುಬ್ಬಿಗೆ ಗುಟ್ಟು ಹೇಳ್ತಿದೀಯೇನೇ?” ಎಂದು ಮೇಷ್ಟ್ರು ಕೇಳುತ್ತಿದ್ದರು. ಅವತ್ತು ಅವರಿದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಹಮೀದ್ ಬೆರಳಿಡುವುದು, ನಾನು ಓದುವುದು, ಬೆಂಚು ಕೇಳುವುದು. ಒಂದು ಕಸದಬುಟ್ಟಿಯ ಚಿತ್ರದ ಪಕ್ಕ ಇದ್ದ ಪದವನ್ನು ಓದಿದೆ: “ಅನುಪಯುಕ್ತ.”

“ಅಲ್ಲೇ ಇರೋದು ಅವರು,” ಎಂದ ಹಮೀದ್.

ನನಗೆ ಕೋಪ ಬಂತು. ಜ್ವರ ಬಂದರೂ ಹಾಜರಿ ತಪ್ಪಿಸದ ಮನುಷ್ಯ. ನನಗಿಂತ ಹೆಚ್ಚು ಕೋಪ ಮುರುಗನಿಗೆ. “ಯಾರು, ರೈಟರಾ? ಮಳೇಲೂ ನಮ್ಮನ್ನ ಕೂರೋಕೆ ಬಿಡ್ಲಿಲ್ಲ ಆ ಮಹಾರಾಯ. ಅವರು ಅನುಪಯುಕ್ತವಂತೆ.”

ತೆರೆದರೆ ಗುಲಾಬಿ, ಸೂರ್ಯ, ಗುಲಾಬಿ, ನಡುವೆ ನಗುತ್ತಾ ನಿಮ್ಮ ತಾತ. ಬೆಂಚು ಪೂರ್ತಿ ನನ್ನ ಭುಜದ ಮೇಲೆ ಬಗ್ಗಿತು. “ನಗ್ತಾ ಇದಾರೆ ಕಣ್ರೋ,” ಎಂದ ಮುರುಗ, ಬಹಳ ಮೆಲ್ಲಗೆ. “ಹಲ್ಲು ಕಾಣ್ತದೆ ನೋಡ್ರೋ.” ಕೆಳಗೆ ಎರಡು ಗುಂಡಿಗಳಿದ್ದವು. ಎಡಗಡೆಯದು ‘ಶಾಶ್ವತವಾಗಿ ಅಳಿಸಿ’. ಅದರ ಎರಡು ಅರ್ಥವೂ ನನಗೆ ಬೇಡವಾಗಿತ್ತು. ಬಲಗಡೆಯದನ್ನು ಅಕ್ಷರ ಬಿಡಿಸಿ ಓದಿದೆ: ಮ-ರು-ಸ್ಥಾ-ಪಿ-ಸಿ. ಹಮೀದ್ ಬೆರಳು ತೆಗೆದು, “ನೀವೇ ಒತ್ತಿ ಅಮ್ಮ,” ಎಂದ. ಯಾವುದು ಬೇಕು ಯಾವುದು ಬೇಡ ಎಂದು ಆರಿಸುವ ಧೈರ್ಯ ನನಗಿರಲಿಲ್ಲ. ಎಲ್ಲವನ್ನೂ ವಾಪಸು ಕರೆದೆ. ಗಿರಿಜಕ್ಕನ ಗುಲಾಬಿಗಳೂ ಒಂದು ಬಿಡದೆ ಬಂದವು.

“ಇನ್ನು ಮೂರು ಕಡೆ ಇಡಬೇಕು,” ಎಂದು ಹಮೀದ್ ಬುದ್ಧಿ ಹೇಳಿದ. “ಫೋನಲ್ಲಿ ಒಂದು, ಕಾಗದದಲ್ಲಿ ಒಂದು, ಮೇಲೆ ಒಂದು.” ಮೇಲೆ ಎನ್ನುವಾಗ ಬೆರಳನ್ನು ಆಕಾಶಕ್ಕೆ ತೋರಿಸಿದ. ಅವರು ಈಗಾಗಲೇ ಮೇಲೆಯೇ ಇದ್ದಾರಲ್ಲಪ್ಪ ಎಂದೆ. ಬೆಂಚು ನಕ್ಕಿತು. ನನ್ನ ಮಾತಿಗೆ ಹೊರಗಿನವರು ನಕ್ಕದ್ದು ಅದೇ ಮೊದಲು. ಮನೆಗೆ ಬರುವಾಗ ನಾನೂ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದೆ. ಭಾನುವಾರ ಬಂದ ನಿಮ್ಮ ಅಮ್ಮ ‘ಕ್ಲೌಡ್’ ಎನ್ನುವ ಆ ಮೇಲಿನ ವ್ಯವಸ್ಥೆ ಮಾಡಿದಳು. ಈಗ ನಾನು ತೆಗೆದ ಫೋಟೋ ತಾನಾಗಿಯೇ ಅಲ್ಲಿಗೂ ಹೋಗಿ ಕೂರುತ್ತದೆ. ಅವಳ ಫೋನಿಗೂ ಒಂದು ಪ್ರತಿ ಕಳಿಸಿದೆ, ನಾಚದೆ.

ಕಾಗದದ ಪ್ರತಿಗೆ ಇಬ್ಬರೂ ಕುಶಾಲನಗರದ ಸ್ಟುಡಿಯೋಗೆ ಹೋದೆವು. ಫೋಟೋವನ್ನು ದೊಡ್ಡದು ಮಾಡಿದಾಗ ಸ್ಟುಡಿಯೋದವರು, “ಈ ಮೂಲೆಯಲ್ಲಿ ಮಂಜಿನೊಳಗೆ ಕುಂಬಳಕಾಯಿ ಇದ್ದ ಹಾಗಿದೆಯಲ್ಲ, ತೆಗೆದುಬಿಡ್ಲಾ?” ಎಂದು ಕೇಳಿದರು. ಅದು ನನ್ನ ಬೆರಳು. ಕಾಲು ಭಾಗ ಫೋಟೋವನ್ನು ಅದೇ ತಿಂದಿದೆ. ತಾತ ನಕ್ಕದ್ದೂ ಅದನ್ನು ನೋಡಿಯೇ. ತೆಗೆದುಬಿಡಿ ಎಂದೆ. ನಿಮ್ಮ ಅಮ್ಮ ಒಪ್ಪಲಿಲ್ಲ. “ಇರ್ಲಿ ಬಿಡಮ್ಮ, ನೀನೂ ಇದ್ದ ಹಾಗಾಯ್ತು,” ಎಂದಳು.

ಎಡೆಯ ದಿನ ವೋಟರ್ ಕಾರ್ಡು ಇಳಿದು ನಗುವ ತಾತ ಗೋಡೆ ಹತ್ತಿದರು. ನಿಮ್ಮ ಅಮ್ಮ ಸೇವಂತಿಗೆ ಹಾರ ಹಾಕಿದಳು. ಅದು ಅವರನ್ನೂ ನನ್ನ ಬೆರಳನ್ನೂ ಸೇರಿಸಿ ಸುತ್ತಿಕೊಂಡಿತು. ಬಂದ ನೆಂಟರೆಲ್ಲ ಸಾಲಾಗಿ ನಿಂತು ಕೈಮುಗಿದರು. ಗಿರಿಜಕ್ಕ ಎಲೆ ಹಾಸುತ್ತಿದ್ದವಳು ಮೇಲೆ ನೋಡಿ, “ನಿಂಗೂ ಒಂದ್ ಎಡೆ ಇಡ್ಲೇನೇ?” ಎಂದಳು. ಬೇಡ ಮಾರಾಯ್ತಿ ಎಂದು ನಾಚಿಕೊಂಡು ಅಡುಗೆಮನೆಗೆ ಓಡಿದೆ. ಆದರೆ ನಿಮ್ಮ ಬಳಿ ಮುಚ್ಚಿಡುವುದೇಕೆ, ಬಾಗಿಲ ಮರೆಯಲ್ಲಿ ನಿಂತು ಅಷ್ಟು ಜನ ಕೈಮುಗಿಯುವುದನ್ನು ನೋಡುವಾಗ, ಅವತ್ತು ಬೆರಳನ್ನು ಇನ್ನೂ ಸ್ವಲ್ಪ ಒಳಕ್ಕೆ ಚಾಚಿದ್ದರೂ ಆಗುತ್ತಿತ್ತು ಎನಿಸಿತು.